ಲೋಕವ್ಯವಹಾರದಲ್ಲಿ ಗಣಿತದ ಸ್ಥಾನ

(ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಪಂಚಕಲ್ಯಾಣ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಧರ್ಮವನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಅನೇಕರಿದ್ದಾರೆ. ಜೀವಮಾನವೆಲ್ಲ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ನನ್ನಂತಹ ನಿವೃತ್ತ ಗಣಿತೋಪಾಧ್ಯಾಯನಿಗೂ ಇಲ್ಲಿ ಎರಡು ಮಾತು ಆಡುವ ಅವಕಾಶವನ್ನು ಸಮಿತಿಯವರು ಕರುಣಿಸಿದ್ದಾರೆ. ಅವರಿಗೆ ನಾನು ಕೃತಜ್ಞನು. ಬಸದಿಯ ಪ್ರತಿಷ್ಠೆಗೂ ಗಣಿತಕ್ಕೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತಿರಬಹುದು. ಆ ಸಂಬಂಧವನ್ನು ನಾನು ಕಂಡದ್ದು ಇದೇ ನೆಲದ ಮೇಲೆ, ಈ ಬಸದಿಗೆ ಅಸ್ತಿಭಾರದ ಗುರುತು ಹಾಕಿದ ದಿನ.

ಅಂದು ಬೆಳಿಗ್ಗೆ ಮೇಸ್ತ್ರಿಯವರು ಒಂದು ಗೂಟ ನೆಟ್ಟು, ಅದರಿಂದ ಒಂದು ದಿಕ್ಕಿಗೆ 3 ಅಡಿ, ಮತ್ತೊಂದು ದಿಕ್ಕಿಗೆ 4 ಅಡಿ ಅಳೆದು ದಾರಕ್ಕೆ ಗುರುತು ಮಾಡಿದರು. ಬಳಿಕ ಆ ಎರಡು ಗುರುತುಗಳ ನಡುವಣ ಅಂತರ ಸರಿಯಾಗಿ 5 ಅಡಿ ಬರುವವರೆಗೆ ದಾರವನ್ನು ಮೆಲ್ಲಮೆಲ್ಲನೆ ಸರಿಸಿದರು. "ಮೂಲೆ ಕೂಡಿತು" ಎಂದರು. 3ರ ವರ್ಗ 9, 4ರ ವರ್ಗ 16, ಎರಡೂ ಕೂಡಿದರೆ 25, ಅದು 5ರ ವರ್ಗ. ಆದುದರಿಂದ ಆ ಮೂಲೆ ಲಂಬಕೋನ. ಶಾಲೆಯಲ್ಲಿ ಒಂದು ವಾರ ತೆಗೆದುಕೊಳ್ಳುವ ಪಾಠವನ್ನು ಆತ ಅರೆಗಳಿಗೆಯಲ್ಲಿ ಮುಗಿಸಿದ್ದ. ನಾನು ಹತ್ತಿರ ಹೋಗಿ, "ಇದನ್ನು ಎಲ್ಲಿ ಕಲಿತೆಯಪ್ಪಾ?" ಎಂದು ಕೇಳಿದೆನು. ಆತ ನಗುತ್ತ, "ಅಪ್ಪ ಕಲಿಸಿದ್ದು ಮೇಷ್ಟ್ರೇ. ಗಣಿತ ನಿನ್ನ ತಲೆಗೆ ಹತ್ತುವುದಿಲ್ಲ ಅಂತ ನೀವು ಹೇಳಿದ ಮೇಲೆ ಶಾಲೆ ಬಿಟ್ಟು ಅಪ್ಪನ ಜೊತೆ ಕೆಲಸಕ್ಕೆ ಹೋದೆನಲ್ಲ" ಎಂದ. ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗನ ಮುಖ ಆಗ ನನಗೆ ನೆನಪಾಯಿತು. ಆತನ ಮಾತಿನಲ್ಲಿ ಕಹಿಯಿರಲಿಲ್ಲ. ಆದರೆ ಅಂದಿನಿಂದ ಆ ಮಾತು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಇಂದಿನ ನನ್ನ ಭಾಷಣವು ಒಂದರ್ಥದಲ್ಲಿ ಆ ವಿದ್ಯಾರ್ಥಿಗೆ ನಾನು ಸಲ್ಲಿಸಬೇಕಾದ ಉತ್ತರವಾಗಿದೆ.

ಸಭಿಕರೇ, ಗಣಿತವು ಪರೀಕ್ಷೆಗೆ ಮಾತ್ರ ಬೇಕಾದ ವಿದ್ಯೆಯಲ್ಲವೆಂಬುದನ್ನು ನಮ್ಮ ನಾಡಿನವರು ಇಂದು ನಿನ್ನೆ ಕಂಡುಕೊಂಡದ್ದಲ್ಲ. ಕ್ರಿ. ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಜ್ಯೋತಿಷ ಗ್ರಂಥದ ಒಂದು ಅಧ್ಯಾಯವಾಗಿ ಅಡಗಿರುತ್ತಿದ್ದ ಗಣಿತಕ್ಕೆ ತನ್ನದೇ ಆದ ಒಂದು ಸಮಗ್ರ ಗ್ರಂಥವನ್ನು ಕೊಟ್ಟ ಕೀರ್ತಿ ಅವರದು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದ ಸಹಿತವಾಗಿಯೂ ಬೆಳಕು ಕಂಡಿತು. ಇನ್ನು ಕನ್ನಡದಲ್ಲಿಯೇ ಗಣಿತ ಬರೆದ ರಾಜಾದಿತ್ಯನು 12ನೆಯ ಶತಮಾನದವನು. ಅವನ ಒಂದು ಗ್ರಂಥದ ಹೆಸರೇ 'ವ್ಯವಹಾರಗಣಿತ'.

ಮಹಾವೀರಾಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿಯೇ ಗಣಿತದ ಉಪಯೋಗಗಳನ್ನು ಪಟ್ಟಿಮಾಡುತ್ತಾರೆ. ಲೌಕಿಕ, ವೈದಿಕ, ಸಾಮಾಯಿಕ ವ್ಯಾಪಾರಗಳೆಲ್ಲದರಲ್ಲಿ ಗಣಿತವುಂಟೆಂದು ಅವರು ಹೇಳುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣ, ಗ್ರಹಗಳ ಚಲನೆ, ಗ್ರಹಣ ಎಲ್ಲವೂ ಆ ಪಟ್ಟಿಯಲ್ಲಿವೆ. ಅಡುಗೆಮನೆಯನ್ನೂ ಆಕಾಶವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ದೃಷ್ಟಿಯನ್ನು ನಾವು ಗಮನಿಸಬೇಕು. ಅವರ ಪಟ್ಟಿಯಿಂದಲೇ ಕೆಲವನ್ನು ಎತ್ತಿಕೊಂಡು, ಅವು ಇಂದಿನ ಉದ್ಯೋಗಗಳಲ್ಲಿ, ವಿಜ್ಞಾನದಲ್ಲಿ, ಮನೆವಾರ್ತೆಯಲ್ಲಿ ಹೇಗೆ ನಿಂತಿವೆಯೆಂಬುದನ್ನು ನೋಡೋಣ.

ಮೊದಲು ನೆಲದ ಅಳತೆ. ನಮ್ಮ ಕಡೆ 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ನಾಲ್ಕು ಬದಿಗಳೂ 33 ಅಡಿ ಇದ್ದ ಮಾತ್ರಕ್ಕೆ ಗುಂಟೆ ತುಂಬಿತೆಂದು ಅನೇಕರು ತಿಳಿಯುತ್ತಾರೆ. ಮೂಲೆಗಳು ಲಂಬವಾಗಿರದೆ ವಾರೆಯಾಗಿ, ಒಂದು ಕೋನ 60 ಡಿಗ್ರಿ ಆಯಿತೆನ್ನಿ. ಬದಿಗಳು ಅವೇ ಇದ್ದರೂ ಒಳಗಿನ ನೆಲ ಸುಮಾರು 943 ಚದರ ಅಡಿಗೆ ಇಳಿಯುತ್ತದೆ. ಹಣ ಕೊಟ್ಟವನು 146 ಚದರ ಅಡಿಯನ್ನು ತನಗರಿವಿಲ್ಲದೆ ಕಳೆದುಕೊಳ್ಳುತ್ತಾನೆ. ಕರ್ಣವನ್ನೂ ಅಳೆಯಬೇಕೆಂಬ ಒಂದು ತಿಳಿವಳಿಕೆ ಈ ನಷ್ಟವನ್ನು ತಪ್ಪಿಸುತ್ತದೆ. ಮೇಸ್ತ್ರಿಯ 5 ಅಡಿಯ ದಾರವೂ ಕರ್ಣವೇ ಅಲ್ಲವೇ?

ಮಹಾವೀರಾಚಾರ್ಯರು ಕ್ಷೇತ್ರಗಣಿತದಲ್ಲಿ ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯ ಫಲಗಳನ್ನು ಬೇರ್ಪಡಿಸುತ್ತಾರೆ. ವೃತ್ತದ ಪರಿಧಿಯು ವ್ಯಾಸದ ಮೂರು ಪಟ್ಟು ಎಂಬುದು ವ್ಯಾವಹಾರಿಕ. 10ರ ವರ್ಗಮೂಲದಷ್ಟು ಪಟ್ಟು ಎಂಬುದು ಸೂಕ್ಷ್ಮ. 10 ಅಡಿ ವ್ಯಾಸದ ಬಾವಿಯ ಸುತ್ತಳತೆ ಮೊದಲನೆಯ ಲೆಕ್ಕದಿಂದ 30 ಅಡಿ, ಎರಡನೆಯದರಿಂದ 31.6 ಅಡಿ. ಇಂದಿನ ನಿಖರ ಲೆಕ್ಕದಿಂದ ಸುಮಾರು 31.4 ಅಡಿ. ಬಾವಿಯ ಸುತ್ತ ಹಗ್ಗ ಕಟ್ಟುವವನಿಗೆ 30 ಸಾಕಾಗಬಹುದು. ಯಂತ್ರದ ಚಕ್ರ ಕಡೆಯುವವನಿಗೆ ಅದು ಸಾಲದು. ಎಷ್ಟು ನಿಖರತೆ ಬೇಕು, ಎಲ್ಲಿ ಅಂದಾಜು ಸಾಕು ಎಂದು ನಿರ್ಣಯಿಸುವುದೇ ಇಂದು ಎಂಜಿನಿಯರನ ಉದ್ಯೋಗದ ತಿರುಳು. ಆ ವಿವೇಕಕ್ಕೆ ನಮ್ಮ ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಎರಡು ಹೆಸರುಗಳನ್ನು ಕೊಟ್ಟಿದ್ದರು.

ಎರಡನೆಯದು ಪಾಕ ಮತ್ತು ವೈದ್ಯ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದೆಂದು ಗಣಿತಸಾರಸಂಗ್ರಹವು ಕೇಳುತ್ತದೆ. ಒಂದೊಂದೇ ಆದರೆ 6, ಎರಡೆರಡಾದರೆ 15, ಮೂರುಮೂರಾದರೆ 20, ನಾಲ್ಕಾದರೆ 15, ಐದಾದರೆ 6, ಆರೂ ಕೂಡಿದರೆ 1. ಒಟ್ಟು 63. ಇದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವರಲ್ಲಿ ಮಹಾವೀರಾಚಾರ್ಯರು ಅಗ್ರಗಣ್ಯರು. ಇಂದು ಹೊಸ ಔಷಧಗಳ ಮಿಶ್ರಣವನ್ನು ಪರೀಕ್ಷಿಸುವ ರಸಾಯನ ವಿಜ್ಞಾನಿಯೂ ಮೊದಲು ಎಣಿಸುವುದು ಇದನ್ನೇ.

ಆಸ್ಪತ್ರೆಯ ದಾದಿಯ ಕೆಲಸವನ್ನು ನೋಡಿರಿ. ಮಗುವಿನ ತೂಕ 12 ಕಿಲೋ. ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ ಔಷಧವೆಂದು ವೈದ್ಯರು ಬರೆದಿದ್ದಾರೆಂದು ಇಟ್ಟುಕೊಳ್ಳೋಣ. ಆಗ ಬೇಕಾದದ್ದು 180 ಮಿಲಿಗ್ರಾಂ. ಸೀಸೆಯ ಮೇಲೆ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಎಂದಿದ್ದರೆ ಕೊಡಬೇಕಾದದ್ದು 7.5 ಮಿಲಿಲೀಟರ್. ಅದೇ ಔಷಧದ ಇನ್ನೊಂದು ಸೀಸೆಯ ಮೇಲೆ 250 ಮಿಲಿಗ್ರಾಂ ಎಂದಿದ್ದರೆ 3.6 ಮಿಲಿಲೀಟರ್ ಸಾಕು. ಸೀಸೆ ಬದಲಾದುದನ್ನು ಗಮನಿಸದೆ ಹಿಂದಿನ ಅಳತೆಯನ್ನೇ ಕೊಟ್ಟರೆ ಮಗುವಿಗೆ ಎರಡು ಪಟ್ಟಿಗಿಂತ ಹೆಚ್ಚು ಔಷಧ ಹೋಗುತ್ತದೆ. ಇಲ್ಲಿ ಬೇಕಾದದ್ದು ತ್ರೈರಾಶಿ. ನಾವು ಏಳನೆಯ ತರಗತಿಯಲ್ಲಿ ಬೇಸರದಿಂದ ಕಂಠಪಾಠ ಮಾಡಿದ ಆ ತ್ರೈರಾಶಿಯೇ ಇಲ್ಲಿ ಒಂದು ಜೀವವನ್ನು ಕಾಯುತ್ತದೆ.

ಮೂರನೆಯದು ವಿಜ್ಞಾನ. ಜೈನಾಗಮಗಳು ಸಂಖ್ಯೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಭಾಗಿಸುವುದನ್ನು ತಾವು ಬಲ್ಲಿರಿ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಗ್ರಂಥದ ತಾಳೆಗರಿಗಳನ್ನು ದರ್ಶನ ಮಾಡಿದವರೂ ಈ ಸಭೆಯಲ್ಲಿದ್ದೀರಿ. ವೀರಸೇನಾಚಾರ್ಯರ ಆ ಟೀಕೆಯಲ್ಲಿ 'ಅರ್ಧಚ್ಛೇದ'ವೆಂಬ ಒಂದು ಪರಿಭಾಷೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಮಾಡಿದರೆ ಒಂದು ಉಳಿಯುತ್ತದೆಯೋ ಆ ಎಣಿಕೆಯೇ ಅದರ ಅರ್ಧಚ್ಛೇದ. 32, 16, 8, 4, 2, 1. ಐದು ಸಲ ಅರ್ಧವಾಯಿತು. ಆದುದರಿಂದ 32ರ ಅರ್ಧಚ್ಛೇದ 5. ಇಂದಿನ ಗಣಿತದಲ್ಲಿ ಇದಕ್ಕೆ ಎರಡನ್ನು ಆಧಾರವಾಗಿಟ್ಟ ಲಾಗರಿತಮ್ ಎನ್ನುತ್ತಾರೆ.

ಇದರ ಪ್ರಯೋಜನವೇನು? ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಕಂಪ್ಯೂಟರು ಹುಡುಕಬೇಕಾಗಿದೆಯೆನ್ನಿ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗಬೇಕಾಗಿಲ್ಲ. ನಡುವಿನ ಹೆಸರನ್ನು ನೋಡಿ, ಬೇಕಾದದ್ದು ಮೊದಲರ್ಧದಲ್ಲಿದೆಯೋ ಎರಡನೆಯ ಅರ್ಧದಲ್ಲಿದೆಯೋ ತಿಳಿದು, ಮಿಕ್ಕ ಅರ್ಧವನ್ನು ಬಿಟ್ಟುಬಿಡುತ್ತದೆ. ಹೀಗೆ 20 ಸಲ ಅರ್ಧಮಾಡಿದರೆ ಬೇಕಾದ ಹೆಸರು ಕೈಗೆ ಸಿಗುತ್ತದೆ. ಎರಡನ್ನು 20 ಸಲ ಗುಣಿಸಿದರೆ 10,48,576 ಆಗುವುದೇ ಇದರ ಕಾರಣ. ಥೈರಾಯಿಡ್ ರೋಗದ ಚಿಕಿತ್ಸೆಯಲ್ಲಿ ಬಳಸುವ ವಿಕಿರಣಶೀಲ ಅಯೋಡಿನ್-131 ಸುಮಾರು 8 ದಿನಗಳಿಗೊಮ್ಮೆ ಅರ್ಧವಾಗುತ್ತದೆ. 80 ದಿನಗಳಲ್ಲಿ ಹತ್ತು ಸಲ ಅರ್ಧವಾಗಿ, ಮೊದಲಿದ್ದುದರಲ್ಲಿ ಸುಮಾರು 1,024ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಲೋಕದ ಸ್ವರೂಪವನ್ನು ತಿಳಿಯಲು ಹೊರಟ ಆಚಾರ್ಯರು ಕಂಡ ಎಣಿಕೆಯ ಕ್ರಮವೇ ಇಂದು ಯಂತ್ರದಲ್ಲಿಯೂ ಆಸ್ಪತ್ರೆಯಲ್ಲಿಯೂ ದುಡಿಯುತ್ತಿದೆ. ಆಚಾರ್ಯರು ಕಂಪ್ಯೂಟರನ್ನು ಕಂಡಿದ್ದರೆಂದು ನಾನು ಹೇಳುತ್ತಿಲ್ಲ. ಸತ್ಯವಾದ ಒಂದು ವಿಚಾರವು ಯಾವ ಕಾಲದಲ್ಲಿ, ಯಾರಿಗೆ, ಹೇಗೆ ಉಪಕಾರವಾದೀತೆಂದು ಮೊದಲೇ ಹೇಳಲಾಗದು ಎಂದಷ್ಟೇ ನನ್ನ ಅಭಿಪ್ರಾಯ.

ವಿದ್ಯಾರ್ಥಿ ಮಿತ್ರರು ಉದ್ಯೋಗದ ಮಾತನ್ನು ಕೇಳಬಯಸುತ್ತೀರಿ. ವಿಮಾ ಕಂತನ್ನು ನಿಗದಿಮಾಡುವವನು, ಹವಾಮಾನವನ್ನು ಮುನ್ಸೂಚಿಸುವವನು, ಸೇತುವೆಯ ಭಾರವನ್ನು ಲೆಕ್ಕಹಾಕುವವನು, ಬೆಳೆಯ ಇಳುವರಿಯನ್ನು ಅಂದಾಜು ಮಾಡುವವನು ಎಲ್ಲರೂ ಗಣಿತದಿಂದಲೇ ಅನ್ನ ಉಣ್ಣುವವರು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದ ಪ್ರದೇಶದಲ್ಲಿ ಇಳಿದಾಗ, ಕಡೆಯ ಕೆಲವು ನಿಮಿಷಗಳಲ್ಲಿ ತನ್ನ ಎತ್ತರವನ್ನೂ ವೇಗವನ್ನೂ ತಾನೇ ಲೆಕ್ಕಹಾಕಿಕೊಂಡು ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ಕಾದು ನೋಡುತ್ತಿದ್ದರು. ಅವರ ಗಣಿತವು ಆ ಮೊದಲೇ ನೌಕೆಯೊಳಗೆ ಸೇರಿತ್ತು.

ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರನ್ನು ಇಲ್ಲಿ ನೆನೆಯಬೇಕು. 1945ರಲ್ಲಿ, ತಮ್ಮ ತಾರುಣ್ಯದಲ್ಲಿಯೇ, ಅವರು ಪ್ರಕಟಿಸಿದ ಒಂದು ಲೇಖನವು ಸಂಖ್ಯಾಶಾಸ್ತ್ರದಲ್ಲಿ ಶಾಶ್ವತ ಸ್ಥಾನ ಪಡೆಯಿತು. ದೊರೆತಿರುವ ಮಾಹಿತಿಯಿಂದ ನಾವು ಮಾಡುವ ಅಂದಾಜು ಎಷ್ಟೇ ಜಾಣತನದ್ದಾಗಿರಲಿ, ಅದರ ನಿಖರತೆಗೆ ಒಂದು ಮಿತಿಯುಂಟೆಂದು ಅವರು ತೋರಿಸಿದರು. ಕ್ರೇಮರ್-ರಾವ್ ಮಿತಿಯೆಂದು ಜಗತ್ತು ಅದನ್ನು ಕರೆಯುತ್ತದೆ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ, 102ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತನಗೆ ಎಷ್ಟು ಗೊತ್ತಾಗಲಾರದು ಎಂಬುದನ್ನೂ ಲೆಕ್ಕಹಾಕಿ ಹೇಳುವ ವಿನಯವು ಗಣಿತದಲ್ಲಿದೆ.

ಈ ವಿನಯಕ್ಕೆ ಇನ್ನೊಂದು ಮುಖವೂ ಉಂಟು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಮಹಾವೀರಾಚಾರ್ಯರೇ, ಒಂದು ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಬರೆದಿದ್ದಾರೆ. ಇದು ಸರಿಯಲ್ಲ. ಶೂನ್ಯದಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂದು ಇಂದಿನ ಗಣಿತ ಹೇಳುತ್ತದೆ. ಇದನ್ನು ಈ ಸಭೆಯಲ್ಲಿ ಹೇಳುವುದರಿಂದ ಆಚಾರ್ಯರ ಗೌರವಕ್ಕೆ ಕುಂದುಂಟಾಗದು. ಹೇಳಿದವರು ಯಾರೆಂದು ನೋಡದೆ ಹೇಳಿದ್ದು ಸರಿಯೇ ಎಂದು ಪರೀಕ್ಷಿಸುವ ಹಕ್ಕನ್ನು ಗಣಿತವು ಎಂಟನೆಯ ತರಗತಿಯ ಹುಡುಗನಿಗೂ ಕೊಡುತ್ತದೆ. ಆ ಹಕ್ಕನ್ನು ನಾನು ಒಬ್ಬ ಹುಡುಗನಿಂದ ಕಿತ್ತುಕೊಂಡೆನೆಂಬುದೇ ನನ್ನ ಕೊರಗು.

ಆ ಕೊರಗು ಇಷ್ಟಕ್ಕೇ ನಿಲ್ಲಲಿಲ್ಲ. ಬಸದಿಯ ಗೋಡೆ ಮೇಲೇಳುತ್ತಿದ್ದಾಗ ಒಂದು ಸಂಜೆ ಮೇಸ್ತ್ರಿ ನಮ್ಮ ಮನೆಗೆ ಬಂದು ಒಂದು ಕಾಗದವನ್ನು ಮುಂದಿಟ್ಟ. ಕಾಂಕ್ರೀಟು ಕಲೆಸುವ ಯಂತ್ರಕ್ಕಾಗಿ ಖಾಸಗಿಯಾಗಿ ಸಾಲ ಕೊಡುವವರೊಬ್ಬರಿಂದ 1,20,000 ರೂಪಾಯಿ ಪಡೆದಿದ್ದ. ನೂರಕ್ಕೆ 10ರಂತೆ ವರ್ಷಕ್ಕೆ 12,000 ಬಡ್ಡಿ. ಒಟ್ಟು 1,32,000. ತಿಂಗಳಿಗೆ 11,000ದಂತೆ 12 ಕಂತು. "ಸಹಕಾರಿ ಸಂಘದಲ್ಲಿ ನೂರಕ್ಕೆ 12 ಕೇಳಿದರು ಮೇಷ್ಟ್ರೇ. ಇಲ್ಲಿ ಹತ್ತೇ ಅಂತ ಇಲ್ಲಿಗೆ ಬಂದೆ" ಎಂದ.

ನಾನು ಆತನೊಡನೆ ಕುಳಿತು ಲೆಕ್ಕ ಹಾಕಿದೆನು. ಪ್ರತಿ ತಿಂಗಳು 10,000 ಅಸಲು ತೀರುತ್ತ ಹೋಗುತ್ತದೆ. ಹಾಗಾದರೆ ಮೊದಲ ತಿಂಗಳು ಆತನ ಕೈಯಲ್ಲಿರುವ ಸಾಲ 1,20,000, ಎರಡನೆಯ ತಿಂಗಳು 1,10,000. ಹೀಗೆ ಇಳಿಯುತ್ತ ಹೋಗಿ ಹನ್ನೆರಡನೆಯ ತಿಂಗಳು ಬರಿಯ 10,000. ಸರಾಸರಿ 65,000. ಆದರೆ ಬಡ್ಡಿ ಮಾತ್ರ ವರ್ಷವಿಡೀ 1,20,000ಕ್ಕೆ. ನಿಜವಾಗಿ ಆತ ಕೊಡುತ್ತಿದ್ದುದು ನೂರಕ್ಕೆ ಸುಮಾರು 18. ಸಂಘದಲ್ಲಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ವರ್ಷಕ್ಕೆ 12 ಎಂದರೆ ತಿಂಗಳಿಗೆ ನೂರಕ್ಕೆ 1. ಒಂದರಿಂದ ಹನ್ನೆರಡರವರೆಗೆ ಕೂಡಬೇಕು. ಮೊದಲನೆಯದನ್ನೂ ಕಡೆಯದನ್ನೂ ಕೂಡಿಸಿದರೆ 13, ಅಂತಹ ಜೋಡಿಗಳು 6, ಒಟ್ಟು 78. ಪ್ರತಿಯೊಂದು 10,000ಕ್ಕೆ ತಿಂಗಳಿಗೆ 100 ರೂಪಾಯಿಯಂತೆ ಒಟ್ಟು ಬಡ್ಡಿ 7,800. ಆತ ಕಡಿಮೆಯೆಂದು ನಂಬಿ ಕೊಟ್ಟದ್ದು 12,000. ಹತ್ತೆಂಬುದು ಹನ್ನೆರಡಕ್ಕಿಂತ ಚಿಕ್ಕದೆಂದು ನಾವು ಶಾಲೆಯಲ್ಲಿ ಕಲಿಸಿದ್ದೆವು. ಯಾವುದರ ಮೇಲೆ ಹತ್ತು ಎಂದು ಕೇಳುವುದನ್ನು ಕಲಿಸಿರಲಿಲ್ಲ.

ಆತ ಬಹಳ ಹೊತ್ತು ಆ ಕಾಗದವನ್ನೇ ನೋಡಿ, "ಇಷ್ಟೇ ಏನು ಮೇಷ್ಟ್ರೇ? ಇದು ನನಗೆ ಅರ್ಥವಾಯಿತಲ್ಲ!" ಎಂದ. 4,200 ರೂಪಾಯಿ ಹೋದುದಕ್ಕಿಂತ, ತನಗೂ ಅರ್ಥವಾಗುತ್ತದೆಂಬ ಬೆರಗೇ ಆ ಮುಖದಲ್ಲಿ ಹೆಚ್ಚಾಗಿತ್ತು. ನಾನು ತಲೆ ತಗ್ಗಿಸಿದೆನು.

ಧರ್ಮಬಂಧುಗಳೇ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದು ಕಳ್ಳತನದ ಪಾಲೇ ಎಂದು ನಮ್ಮ ಶಾಸ್ತ್ರಕಾರರು ಎಣಿಸಿದರು. ಅಂದು ಕಳ್ಳ ಅಳತೆ ಕೊಳಗದಲ್ಲಿಯೂ ತಕ್ಕಡಿಯಲ್ಲಿಯೂ ಇರುತ್ತಿತ್ತು. ಇಂದು ಅದು ಶೇಕಡಾವಾರಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ಎದುರಿಗಿರುವವನ ಅಜ್ಞಾನದಲ್ಲಿ ಅಡಗಿ ಕುಳಿತಿದೆ. ವ್ಯಾಪಾರದಲ್ಲಿರುವ ನಾವು ನಮ್ಮ ತಕ್ಕಡಿಯೊಂದನ್ನೇ ನೋಡಿಕೊಂಡರೆ ಸಾಲದು, ನಮ್ಮ ಲೆಕ್ಕದ ಭಾಷೆಯನ್ನೂ ನೋಡಿಕೊಳ್ಳಬೇಕು. ಹಾಗೆಯೇ ಪರಿಗ್ರಹ ಪರಿಮಾಣ ವ್ರತವೂ ಸಂಖ್ಯೆಯನ್ನು ಬೇಡುತ್ತದೆ. ಇಷ್ಟು ಭೂಮಿ, ಇಷ್ಟು ಧನ, ಇಷ್ಟು ವಸ್ತ್ರ ಸಾಕೆಂದು ನಿಶ್ಚಯಿಸಬೇಕಾದರೆ ಎಷ್ಟಿದೆ, ಎಷ್ಟು ಬೇಕು ಎಂದು ಮೊದಲು ಎಣಿಸಬೇಕಲ್ಲವೇ? ತನ್ನದೆಷ್ಟೆಂದು ಎಣಿಸಲಾರದವನು ಸಾಕೆಂದು ಹೇಳಲಾರ. ಗಣಿತವು ಕೊನೆಗೆ ನಮಗೆ ಕಲಿಸುವುದು ಮಿತಿಯನ್ನೇ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವನ್ನು ನಾವು ಗ್ರಂಥಗಳ ಮುದ್ರಣಕ್ಕೆ ಮಾತ್ರ ಸೀಮಿತಗೊಳಿಸಬಾರದೆಂಬುದು ನನ್ನ ವಿನಂತಿ. ಹೆಣ್ಣುಮಕ್ಕಳಿಗೆ ಲೆಕ್ಕ ಏಕೆಂದು ಇಂದಿಗೂ ಕೇಳುವ ಮನೆಗಳಿವೆ. ಆ ಮನೆಗಳ ಜಮಾಖರ್ಚನ್ನು ನಡೆಸುತ್ತಿರುವವರು ಆ ಹೆಣ್ಣುಮಕ್ಕಳೇ. ತಮ್ಮ ಮಗುವನ್ನು ಕುರಿತು ಗಣಿತ ಇವನ ತಲೆಗೆ ಹತ್ತದು, ಇವಳ ತಲೆಗೆ ಹತ್ತದು ಎಂದು ಯಾರಾದರೂ ಹೇಳಿದರೆ ತಾವು ದಯವಿಟ್ಟು ನಂಬಬೇಡಿರಿ. ಹೇಳಿದವರು ಗಣಿತದ ಮೇಷ್ಟ್ರೇ ಆಗಿದ್ದರೂ ನಂಬಬೇಡಿರಿ.

ಮುಂದಿನ ತಿಂಗಳಿನಿಂದ ಪ್ರತಿ ಭಾನುವಾರ ಸಂಜೆ, ಈ ಬಸದಿಯ ಹೊರ ಚಾವಡಿಯಲ್ಲಿ, ಜಾತಿ ಮತಗಳ ಭೇದವಿಲ್ಲದೆ ಬಂದವರಿಗೆಲ್ಲ ಗಣಿತ ಹೇಳಿಕೊಡಲು ಆಡಳಿತ ಸಮಿತಿಯವರು ಅನುಮತಿಯಿತ್ತಿದ್ದಾರೆ. ಕಣ್ಣು ಮಂಜಾಗುವವರೆಗೆ ನಾನು ಅಲ್ಲಿರುತ್ತೇನೆ. ಮೊದಲ ಪಾಠವನ್ನು ಮಾತ್ರ ನಾನು ಮಾಡುವುದಿಲ್ಲ. ಒಂದು ಗೂಟ, ಒಂದು ದಾರ ಹಿಡಿದು, 3, 4, 5 ಎಂದು ಮೂಲೆ ಕೂಡಿಸುವುದನ್ನು ಮಕ್ಕಳಿಗೆ ತೋರಿಸಲು ಮೇಸ್ತ್ರಿಯವರು ಒಪ್ಪಿಕೊಂಡಿದ್ದಾರೆ. ಅಂದು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇನೆ.



ಜೈ ಜಿನೇಂದ್ರ.